ಉಡಿಯ ರೂಪಾಯಿ

ಪುಣೆ
8 ಜೂನ್ 2025

ಪ್ರೀತಿಯ ಸುಮಂಗಲಕ್ಕ,

ಲಕೋಟೆಯ ಹಿಂದೆ ಹೊಸ ವಿಳಾಸ ನೋಡಿ ನಿನ್ನ ಹುಬ್ಬು ಮೇಲೇರಿರಬೇಕು. ಇಳಿಸು, ಎಲ್ಲ ಹೇಳುತ್ತೇನೆ. ಮಗರಪಟ್ಟಾದ ಹನ್ನೊಂದನೆಯ ಮಹಡಿಯ ಫ್ಲ್ಯಾಟು ಬಿಟ್ಟೆ. ಅಲ್ಲಿಂದ ಇಪ್ಪತ್ತು ನಿಮಿಷ ನಡೆದರೆ ಸಿಗುವ ಓಣಿಯಲ್ಲಿ, ಅವ್ವಣ್ಣ ಎಂಬ ಮೇಸ್ತ್ರಿಯ ಮನೆಯ ಮೇಲಿನ ಕೋಣೆಗೆ ಬಂದಿದ್ದೇನೆ. ಹದಿನೇಳು ಮೆಟ್ಟಿಲು. ಹೊಸ ಸೊಂಟದ ಕೀಲು ಇದುವರೆಗೆ ಒಂದೂ ದೂರು ಹೇಳಿಲ್ಲ.

ಎರಡು ವರ್ಷದ ಹಿಂದೆ ಆ ಕೀಲು ಹಾಕಿಸಿಕೊಳ್ಳಲೆಂದು ಪುಣೆಗೆ ಬಂದವಳು, ಮರಳಿ ಸ್ವಿಟ್ಜರ್‌ಲ್ಯಾಂಡಿಗೆ ಹೋಗುವ ಮನಸ್ಸಾಗದೆ ಉಳಿದದ್ದು ನಿನಗೆ ಗೊತ್ತೇ ಇದೆ. ಅಲ್ಲಿ ನನ್ನದು ಅಂತ ಉಳಿದಿರುವುದು ತಂಗಿಯ ಮನೆಯ ಅಟ್ಟದ ಮೇಲಿನ ಒಂದು ಚಳಿಗಾಲದ ಕೋಟು. ಆದರೆ ಹನ್ನೊಂದನೆಯ ಮಹಡಿಯಲ್ಲಾದರೂ ನನ್ನದು ಅಂತ ಏನಿತ್ತು? ಲಿಫ್ಟಿನಲ್ಲಿ ಗುಡ್ ಮಾರ್ನಿಂಗ್, ಲಿಫ್ಟಿನಲ್ಲಿ ಗುಡ್ ನೈಟ್. ಬೆಟಗೇರಿಯ ಆಸ್ಪತ್ರೆಯಲ್ಲಿ ಹತ್ತು ವರ್ಷ ನಿನ್ನ ಪಕ್ಕದಲ್ಲಿ ನಿಂತು ಹೆರಿಗೆ ಮಾಡಿಸಿ, ಬಾಣಂತಿಯರ ಜೊತೆ ಹರಟೆ ಹೊಡೆದ ಬಾಯಿ ಇದು. ಕನ್ನಡವಿಲ್ಲದೆ ತುಕ್ಕು ಹಿಡಿಯುತ್ತಿತ್ತು.

ಹೋದ ತಿಂಗಳು ಸಂಜೆ ನಡೆಯುತ್ತಿದ್ದಾಗ, ಅರ್ಧ ಕಟ್ಟಿದ ಕಟ್ಟಡದ ಮೇಲಿಂದ ಒಬ್ಬ ಹೆಂಗಸು ಗೌಂಡಿಯನ್ನು ಬೈಯುವುದು ಕೇಳಿಸಿತು. ಸಿಮೆಂಟಿಗೆ ನೀರು ಹೆಚ್ಚು ಹಾಕಿದ್ದಾನೆ ಅಂತ. ಬೈಗುಳ ಅಪ್ಪಟ ಕನ್ನಡದ್ದು. ನಾನು ರಸ್ತೆಯಲ್ಲೇ ನಿಂತು, "ಆಕಿ ಹೇಳೋದು ಖರೆ ಅದ, ನೀರು ಭಾಳ ಆಗೇದ" ಅಂದೆ. ಮೇಲೆ ಕೆಲಸ ನಿಂತುಹೋಯಿತು. ಆ ಹೆಂಗಸು ಏಣಿ ಇಳಿದು ಬಂದು, ನನ್ನ ಬಿಳಿ ಕೂದಲಿನಿಂದ ಚಪ್ಪಲಿಯ ತನಕ ನೋಡಿ, "ನೀವು ಯಾರ ಪೈಕಿ ರೀ?" ಅಂತ ಕೇಳಿದಳು. ಬೆಟಗೇರಿ ಪೈಕಿ ಅಂದೆ.

ಅವಳೇ ಚಂದಮ್ಮ, ಅವ್ವಣ್ಣನವರ ಹೆಂಡತಿ. ಸೇಡಂ ಕಡೆಯವರು. ಇಪ್ಪತ್ತೈದು ವರ್ಷದ ಹಿಂದೆ ಇಟ್ಟಿಗೆ ಹೊರಲು ಬಂದ ಗಂಡ ಹೆಂಡತಿ ಈಗ ತಾವೇ ಮನೆ ಕಟ್ಟಿಸಿಕೊಡುತ್ತಾರೆ. ನನ್ನ ಒಂಟಿತನದ ಕಥೆ ಕೇಳಿ ಮುಗಿಸುವಷ್ಟರಲ್ಲಿ ಅವಳು ಮೇಲಿನ ಕೋಣೆ ತೋರಿಸಿ ಆಗಿತ್ತು.

ಮನೆ ಬದಲಿಸಿದ್ದನ್ನು ವಿದೇಶಿಯರ ನೋಂದಣಿ ಕಚೇರಿಗೆ ತಿಳಿಸುವುದು ಒಂಬತ್ತು ದಿನ ತಡವಾಯಿತು. ತಡವಾದದ್ದಕ್ಕೆ ದಂಡ ಕಟ್ಟಿ, ರಸೀದಿಯನ್ನು ಫೈಲಿನಲ್ಲಿ ಇಟ್ಟೆ. ನನ್ನ ಫೈಲು ಈಗ ನನಗಿಂತ ದಪ್ಪ. ಬಾಡಿಗೆ ಕರಾರು ಒಂದು ಬಾಕಿ ಇದೆ. ನಾಗರ ಪಂಚಮಿ ಮುಗಿಯಲಿ, ಮಾಡಿಸೋಣ ಅಂದಿದ್ದಾರೆ ಅವ್ವಣ್ಣ. ಚಿಂತೆ ಮಾಡುವಂಥದ್ದೇನೂ ಇಲ್ಲ.

ನಿನ್ನ,
ರೂತ್


ಬೆಟಗೇರಿ
19 ಜೂನ್ 2025

ಪ್ರೀತಿಯ ರೂತ್,

ನಿನ್ನ ಕಾಗದ ಎರಡು ಸಲ ಓದಿದೆ. ಒಮ್ಮೆ ನಗಲಿಕ್ಕೆ, ಇನ್ನೊಮ್ಮೆ ತಪ್ಪು ಹುಡುಕಲಿಕ್ಕೆ. ತಪ್ಪು ಸಿಗಲಿಲ್ಲ. ನಿನಗೆ ಕನ್ನಡ ಕಲಿಸಿದವಳು ಜಾಣೆ ಅಂತ ನನ್ನನ್ನು ನಾನೇ ಹೊಗಳಿಕೊಂಡೆ. ಬುದ್ಧಿಯನ್ನೂ ಕಲಿಸಿದ್ದೇನೆ ಅಂತ ಮಾತ್ರ ಹೇಳಲಾರೆ. ಲಿಫ್ಟು ಬಿಟ್ಟು ಮೆಟ್ಟಿಲು ಹುಡುಕಿಕೊಂಡು ಹೋಗುವ ಅರವತ್ತೇಳರ ಹೆಂಗಸನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಇಷ್ಟುದ್ದ ಬರೆಯುವ ಬದಲು ಫೋನು ಮಾಡಬಾರದೇ ಅಂತ ತಮ್ಮನ ಮಕ್ಕಳು ಕೇಳುತ್ತಾರೆ. ನಮ್ಮಿಬ್ಬರಿಗೂ ಫೋನು ಬಂತೆಂದರೆ ಯಾರಿಗೋ ಜ್ವರ ಅಂತ ಅರ್ಥ. ಮೂವತ್ತನಾಲ್ಕು ವರ್ಷ ಕಾಗದದಲ್ಲೇ ಜಗಳವಾಡಿ ರೂಢಿಯಾದವರು ಈಗ ಫೋನಿನಲ್ಲಿ ಏನು ಮಾತಾಡುವುದು?

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಕರಾರು ಪಂಚಮಿಗೆ ಕಾಯುವ ವಸ್ತುವಲ್ಲ. ಈಗಲೇ ಮಾಡಿಸು, ಇಲ್ಲಿ ಇರುವ ಅವಧಿ ಬೆಳೆಸಲು ಅದನ್ನು ಕೇಳುತ್ತಾರೆ. ನಿನ್ನ ವಾಸದ ಪರವಾನಗಿ ಯಾವಾಗ ಮುಗಿಯುತ್ತದೆ ಅಂತ ನೀನು ಬರೆದಿಲ್ಲ. ನೀನು ಬರೆಯದೆ ಬಿಟ್ಟದ್ದನ್ನೇ ನಾನು ಮೊದಲು ಓದುವುದು.

ಇನ್ನು ಪಂಚಮಿ. ಹೆಣ್ಣುಮಕ್ಕಳೆಲ್ಲ ತವರಿಗೆ ಹೋಗುವ ಹಬ್ಬ. ತಮ್ಮನ ಹೆಂಡತಿ ಈಗಲೇ ಚೀಲ ತುಂಬುತ್ತಿದ್ದಾಳೆ. ನಾನು ತವರಿನಲ್ಲೇ ಇರುವವಳು, ಎಲ್ಲಿಗೆ ಹೋಗಲಿ? ಉಂಡಿ ತಿನ್ನುತ್ತ ಮನೆ ಕಾಯುತ್ತೇನೆ.

ನಿನ್ನ,
ಸುಮಂಗಲಾ


ಪುಣೆ
3 ಆಗಸ್ಟ್ 2025

ಪ್ರೀತಿಯ ಸುಮಂಗಲಕ್ಕ,

ಈ ಸಲ ಪಂಚಮಿಗೆ ನಾನೂ ತವರಿಗೆ ಹೋಗಿದ್ದೆ. ಹದಿನೇಳು ಮೆಟ್ಟಿಲು ಇಳಿದು.

ಹಬ್ಬದ ದಿನ ಬೆಳಿಗ್ಗೆ ಚಂದಮ್ಮ ಕೆಳಗಿನಿಂದ ಕೂಗಿ, ನನ್ನನ್ನು ತವರಿಗೆ ಕರೆಯಲು ಯಾರೂ ಬರುವುದಿಲ್ಲವಲ್ಲ, ಅದಕ್ಕೆ ತಾನೇ ಮಗಳು ಅಂತ ಕರೆಯುತ್ತಿರುವುದಾಗಿ ಹೇಳಿದಳು. ತನ್ನ ಇಳಕಲ್ ಸೀರೆ ಉಡಿಸಿದಳು. ಅವ್ವಣ್ಣನವರು ಕಟ್ಟಿಸುತ್ತಿರುವ ಮನೆಯ ಸ್ಲ್ಯಾಬಿನ ಕೊಕ್ಕೆಗೆ ಜೋಕಾಲಿ ಕಟ್ಟಿದ್ದರು. ಕೆಲಸಕ್ಕೆ ಬರುವ ಹೆಂಗಸರೆಲ್ಲ ಮಕ್ಕಳ ಜೊತೆ ಬಂದಿದ್ದರು. ಎಳ್ಳುಂಡಿ, ಶೇಂಗಾದುಂಡಿ, ಅಳ್ಳಿಟ್ಟು. ನನ್ನನ್ನೂ ಜೋಕಾಲಿ ಮೇಲೆ ಕೂರಿಸಿ ತೂಗಿದರು. ಸೊಂಟದ ಡಾಕ್ಟರಿಗೆ ಈ ವಿಷಯ ತಿಳಿಯಬಾರದು. ಮಗರಪಟ್ಟಾದ ಗೋಪುರಗಳು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೋಗುತ್ತಿದ್ದವು. ನಾನು ಇಷ್ಟು ನಕ್ಕು ಎಷ್ಟು ವರ್ಷವಾಗಿತ್ತೋ.

ಸಂಜೆ ಮೇಲೆ ಹೋಗುತ್ತೇನೆ ಅಂದಾಗ ಚಂದಮ್ಮ ತಡೆದು ಮಣೆ ಹಾಕಿ ಕೂರಿಸಿದಳು. ನನ್ನ ಉಡಿ ತುಂಬಿದಳು, ಸುಮಂಗಲಕ್ಕ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಕೊಂಬು, ಹಸಿರು ಕುಬಸದ ಖಣ, ಮೇಲೆ ಒಂದು ರೂಪಾಯಿ. ಸೆರಗಿನಲ್ಲಿ ಎಲ್ಲ ಬಿಗಿಯಾಗಿ ಹಿಡಿದು, ಒಂದು ಕಾಳೂ ಕೆಳಗೆ ಬೀಳದ ಹಾಗೆ ಹದಿನೇಳು ಮೆಟ್ಟಿಲು ಹತ್ತಿದೆ. ಮೇಲೆ ಹೋಗಿ ಅತ್ತೆ. ಮರುದಿನ ಅದೇ ಅಕ್ಕಿಯ ಅನ್ನ ಮಾಡಿ ಉಂಡೆ. ರೂಪಾಯಿ ಮತ್ತು ಖಣ ಪಾಸ್‌ಪೋರ್ಟಿನ ಜೊತೆ ಇಟ್ಟಿದ್ದೇನೆ.

ಅಳುವಾಗ ಹಳೆಯದೊಂದು ನೆನಪಾಯಿತು. 1991ರಲ್ಲಿ ನಾನು ಬೆಟಗೇರಿ ಬಿಟ್ಟ ದಿನ ವಾರ್ಡಿನ ಹೆಂಗಸರೆಲ್ಲ ಉಡಿ ತುಂಬಿದರು. ನೀನು ಮಾತ್ರ ಬಟ್ಟೆಕೋಣೆಯ ಬಾಗಿಲಲ್ಲಿ ಬೀಗದ ಕೈ ಹಿಡಿದು ನಿಂತಿದ್ದೆ. ಹತ್ತಿರ ಬರಲಿಲ್ಲ. ಯಾಕೆ ಅಂತ ಇಷ್ಟು ವರ್ಷ ಕೇಳಿರಲಿಲ್ಲ. ಈಗ ಕೇಳುತ್ತಿದ್ದೇನೆ.

ಹಾಂ, ಒಂದು ಸಣ್ಣ ತಮಾಷೆ. ಒಂದನೆಯ ತಾರೀಕು ಬಾಡಿಗೆ ಕೊಡಲು ಹೋದರೆ ಅವ್ವಣ್ಣ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. "ಉಡಿ ತುಂಬಿದ ಮಗಳ ಕಡಿಂದ ಬಾಡಿಗಿ ತೊಗೊಳ್ಳಾದಾ ರೂತಕ್ಕ?" ಅಂತ ನನ್ನನ್ನೇ ಕೇಳಿದರು. ಬಾಡಿಗೆ ಇಲ್ಲದೆ ಕರಾರು ಹೇಗೆ ಬರೆಯುವುದು ಅಂತ ಅರ್ಜಿ ತುಂಬಿಕೊಡುವ ಅಂಗಡಿಯ ದತ್ತು ತಲೆ ಕೆರೆದುಕೊಳ್ಳುತ್ತಿದ್ದಾನೆ. ಏನಾದರೂ ದಾರಿ ಸಿಗುತ್ತದೆ.

ನಿನ್ನ,
ರೂತ್


ಬೆಟಗೇರಿ
13 ಆಗಸ್ಟ್ 2025

ರೂತ್,

ಕಾಗದ ಸಿಕ್ಕಿತು. ಜೋಕಾಲಿ ಆಡಿದ್ದು ಕೇಳಿ ಸಂತೋಷ. ಇನ್ನೊಮ್ಮೆ ಆಡಬೇಡ.

ಆ ದಿನ ಬಟ್ಟೆಕೋಣೆಯಲ್ಲಿ ನನಗೆ ಕೆಲಸವಿತ್ತು. ಹೊಸ ಚಾದರುಗಳು ಬಂದಿದ್ದವು.

ಕರಾರು ತಮಾಷೆಯ ವಿಷಯವಲ್ಲ. ಪರವಾನಗಿಯ ಕೊನೆಯ ದಿನ ಯಾವುದು? ಈ ಸಲ ಬರೆಯದಿದ್ದರೆ ನಾನೇ ಫೋನು ಮಾಡುತ್ತೇನೆ.

ಸುಮಂಗಲಾ


ಪುಣೆ
29 ಆಗಸ್ಟ್ 2025

ಪ್ರೀತಿಯ ಸುಮಂಗಲಕ್ಕ,

ಸೆಪ್ಟೆಂಬರ್ ಇಪ್ಪತ್ತೊಂದು. ಅದೇ ಕೊನೆಯ ದಿನ. ಜೂನಿನಲ್ಲೇ ಗೊತ್ತಿತ್ತು. ನೀನು ನಿದ್ದೆಗೆಡುತ್ತೀ ಅಂತ ಬರೆಯಲಿಲ್ಲ. ಹಳೆಯದನ್ನು ಕೆದಕಿ ನಿನ್ನ ಮನಸ್ಸು ನೋಯಿಸಿದ್ದಕ್ಕೂ ಕ್ಷಮಿಸು. ನಿನ್ನ ಕಾಗದ ಇಷ್ಟು ಗಿಡ್ಡ ಯಾವತ್ತೂ ಇರಲಿಲ್ಲ. ಚಾದರುಗಳ ವಿಷಯ ಇನ್ನು ಎತ್ತುವುದಿಲ್ಲ.

ನಿವೃತ್ತಳಾಗಿ ಇಲ್ಲಿ ಇರುತ್ತೇನೆ ಅನ್ನುವವರಿಗೆ ಅಂತಲೇ ಈ ದೇಶದಲ್ಲಿ ಒಂದು ವೀಸಾ ಇಲ್ಲ. ವರ್ಷ ವರ್ಷ ಕೇಳಿಕೊಂಡು ಇರಬೇಕು. ಕೇಳುವುದಕ್ಕೆ ನನಗೇನೂ ನಾಚಿಕೆಯಿಲ್ಲ. ಈ ಸಲ ಚಂದಮ್ಮನೂ ಜೊತೆಗೆ ಬಂದಳು. ನನ್ನ ಫೈಲು ನೋಡುವವರು ಶೀತಲ ಮೇಡಂ. ಶಿಸ್ತಿನ ಹೆಂಗಸು, ಆದರೆ ಯಾರನ್ನೂ ನಿಲ್ಲಿಸಿ ಮಾತಾಡಿಸುವುದಿಲ್ಲ, ಕುರ್ಚಿ ಕೊಡುತ್ತಾರೆ. ಅರ್ಜಿ ಓದುತ್ತ ಒಂದು ಕಡೆ ಅವರ ಬೆರಳು ನಿಂತಿತು. ಮನೆಯವರಿಗೂ ವಿದೇಶಿಗೂ ಇರುವ ಸಂಬಂಧ ಅನ್ನುವಲ್ಲಿ "ಮಗಳು" ಅಂತ ಇತ್ತು. ಅವ್ವಣ್ಣ ಹೇಳಿದ್ದಾರೆ, ದತ್ತು ತಲೆ ಎತ್ತದೆ ಕಂಪ್ಯೂಟರಿನಲ್ಲಿ ಒತ್ತಿದ್ದಾನೆ. ಚಂದಮ್ಮನಿಗೆ ಐವತ್ತೊಂದು, ನನಗೆ ಅರವತ್ತೇಳು. ತಾಯಿಗಿಂತ ಮಗಳು ಹದಿನಾರು ವರ್ಷ ದೊಡ್ಡವಳಾದದ್ದು ಹೇಗೆ ಅಂತ ಮೇಡಂ ಬಹಳ ಮರ್ಯಾದೆಯಿಂದಲೇ ಕೇಳಿದರು.

ಚಂದಮ್ಮ ತನ್ನ ಮರಾಠಿಯಲ್ಲಿ ಪಂಚಮಿಯಿಂದ ಶುರುಮಾಡಿ ರೂಪಾಯಿಯ ತನಕ ಎಲ್ಲ ವಿವರಿಸಿದಳು. ಉಡಿ ತುಂಬುವುದು ಮರಾಠಿಯವರಲ್ಲೂ ಇದೆಯಲ್ಲ. ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ತಮಗೆ ಎಲ್ಲ ಅರ್ಥವಾಗುತ್ತದೆ, ಆದರೆ ಅರ್ಜಿಯಲ್ಲಿ ಅದಕ್ಕೆ ಜಾಗವಿಲ್ಲ ಅಂದರು. ಸಂಬಂಧ ಸರಿಯಾಗಿ ಬರೆದು, ನೋಂದಾಯಿಸಿದ ಬಾಡಿಗೆ ಕರಾರು ತರಬೇಕು. ಬಾಡಿಗೆ ಎಷ್ಟಾದರೂ ಇರಲಿ, ಆ ಜಾಗ ಖಾಲಿ ಇರಕೂಡದು.

ಹಾಗಾದರೆ ಒಂದೇ ರೂಪಾಯಿ ಅಂತ ಬರೆಯೋಣ ಅಂದೆ. ಅವ್ವಣ್ಣ ಒಪ್ಪಲಿಲ್ಲ. "ಒಂದಾದ್ರೂ ಬಾಡಿಗಿ ಬಾಡಿಗೀನ. ಮಗಳ ಮುಂದ ಕೈ ಒಡ್ಡಿದೆ ಅಂತ ಊರಾಗ ತಿಳಿದ್ರ ನಾ ಮುಖ ಹ್ಯಾಂಗ ತೋರಸ್ಲಿ?" ಅಂದರು. ಬೇರೆ ಮನೆ ನೋಡುತ್ತೇನೆ ಅಂದದ್ದಕ್ಕೆ ಚಂದಮ್ಮ ಎರಡು ದಿನ ಮಾತು ಬಿಟ್ಟಳು. ಉಡಿ ತುಂಬಿಸಿಕೊಂಡು ತಿಂಗಳಾಗಲಿಲ್ಲ, ಆಗಲೇ ತವರು ಬೇಡವಾಯಿತೇ ಅಂತ ಬೇರೆಯವರ ಹತ್ತಿರ ಹೇಳಿದಳಂತೆ. ಎರಡು ದಿನವೂ ರೊಟ್ಟಿ ಮಾತ್ರ ಹೊತ್ತಿಗೆ ಸರಿಯಾಗಿ ಮೆಟ್ಟಿಲ ಮೇಲೆ ಇರುತ್ತಿತ್ತು.

ನನ್ನನ್ನು ಇಷ್ಟು ಪ್ರೀತಿಸುವವರೇ ನನ್ನನ್ನು ಊರು ಬಿಡಿಸುವ ಹಾಗಿದೆ, ನೋಡು. ಅವರ ಮೇಲೆ ಸಿಟ್ಟು ಮಾಡಲೂ ಆಗದು. ಕೋಟನ್ನು ಅಟ್ಟದಿಂದ ಇಳಿಸಿ ಬಿಸಿಲಿಗೆ ಹಾಕು ಅಂತ ತಂಗಿಗೆ ನಿನ್ನೆ ಬರೆದೆ. ಇಲ್ಲಿಂದ ಹೋಗಲು ನನಗೆ ಸುತರಾಂ ಇಷ್ಟವಿಲ್ಲ.

ನಿನ್ನ,
ರೂತ್


ಬೆಟಗೇರಿ
4 ಸೆಪ್ಟೆಂಬರ್ 2025
(ಸ್ಪೀಡ್ ಪೋಸ್ಟ್)

ನನ್ನ ರೂತ್,

ತಂಗಿಗೆ ಇವತ್ತೇ ಇನ್ನೊಂದು ಕಾಗದ ಬರೆ. ಕೋಟು ಮತ್ತೆ ಅಟ್ಟಕ್ಕೆ ಹೋಗಲಿ.

ಒಂದು ಕಾಳೂ ಬೀಳದ ಹಾಗೆ ಮೇಲೆ ಒಯ್ದೆ ಅಂತ ಜಂಬದಿಂದ ಬರೆದಿದ್ದೀಯಲ್ಲ, ಹುಚ್ಚಿ, ತಪ್ಪಾದದ್ದೇ ಅಲ್ಲಿ. ಉಡಿ ತುಂಬಿಸಿಕೊಂಡ ಮಗಳು ಎಲ್ಲವನ್ನೂ ಕಟ್ಟಿಕೊಂಡು ಹೋಗುವುದಿಲ್ಲ. ಹೊಸ್ತಿಲು ದಾಟುವ ಮೊದಲು ಉಡಿಯಿಂದ ಒಂದು ಹಿಡಿ ತೆಗೆದು ತವರಿಗೆ ಬಿಟ್ಟು ಹೋಗುತ್ತಾಳೆ, ತವರು ತುಂಬಿರಲಿ ಅಂತ. ಅದನ್ನು ಬೇಡ ಅನ್ನುವ ತಾಯಿ ತಂದೆ ಇಲ್ಲ. ಬೇಡ ಅಂದರೆ ಮಗಳ ಹಾರೈಕೆಯನ್ನೇ ತಳ್ಳಿದ ಹಾಗೆ. ಚಂದಮ್ಮ ಹಬ್ಬದ ಗಡಿಬಿಡಿಯಲ್ಲಿ ಮರೆತಿರಬೇಕು. ನಿನಗೆ ಹೇಳಿಕೊಡಬೇಕಾದವಳು ನಾನು, ನಾನೂ ಹೇಳಿಕೊಟ್ಟಿರಲಿಲ್ಲ.

ಅಕ್ಕಿ ನೀನು ಉಂಡು ಮುಗಿಸಿದ್ದೀ. ಉಳಿದಿರುವುದು ಆ ರೂಪಾಯಿ. ಪಾಸ್‌ಪೋರ್ಟಿನ ಪಕ್ಕದಿಂದ ತೆಗೆದು, ಕೆಳಗೆ ಹೋಗಿ, ತವರಿಗೆ ಬಿಡುವ ಪಾಲು ಬಾಕಿ ಉಳಿದಿದೆ ಅಂತ ಹೇಳಿ ಕೊಡು. ಮನೆಯಲ್ಲಿ ಅದು ಉಡಿಯ ಪಾಲು. ಕರಾರಿನಲ್ಲಿ ದತ್ತು ಅದನ್ನು ವರ್ಷದ ಬಾಡಿಗೆ ಒಂದು ರೂಪಾಯಿ ಅಂತ ಬರೆಯಲಿ. ಮುಂದಿನ ಪಂಚಮಿಗೆ ಚಂದಮ್ಮ ಮತ್ತೆ ಉಡಿಗೆ ಹಾಕುತ್ತಾಳೆ, ನೀನು ಮತ್ತೆ ಬಿಡುತ್ತೀ. ಇದರಲ್ಲಿ ಸುಳ್ಳೇನೂ ಇಲ್ಲ.

ಇನ್ನು ಚಾದರುಗಳ ವಿಷಯ. ಆ ದಿನ ಹೊಸ ಚಾದರು ಬಂದಿರಲಿಲ್ಲ.

ನಾನು ಇಪ್ಪತ್ತಮೂರನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡವಳು. ಅದು ನಿನಗೆ ಗೊತ್ತಿತ್ತು. ಗಂಡ ಸತ್ತವಳು ಉಡಿ ತುಂಬಬಾರದು ಅನ್ನುವುದು ನಿನಗೆ ಗೊತ್ತಿರಲಿಲ್ಲ. ಹೇಳಿದ್ದರೆ ನೀನು ಎಲ್ಲರ ಎದುರು ನನ್ನನ್ನು ಎಳೆದು ತಂದು ನಿಲ್ಲಿಸುತ್ತಿದ್ದೆ. ಆಗ ಯಾರಾದರೂ ಒಬ್ಬಳು ಮುಖ ತಿರುಗಿಸಿದ್ದರೂ ನಾನು ತಾಳುತ್ತಿರಲಿಲ್ಲ. ಅದಕ್ಕೇ ಬೀಗದ ಕೈ ಹಿಡಿದುಕೊಂಡು ನಿಂತೆ. ಕೈಯಲ್ಲಿ ಏನಾದರೂ ಇರಬೇಕಿತ್ತು.

ನೀನು ಆಗ ಇಷ್ಟು ಜಾಗರೂಕಳಾಗಿರಲಿಲ್ಲ. ನಿನ್ನ ಸೆರಗಿನಿಂದ ಪಡಸಾಲೆಯುದ್ದಕ್ಕೂ ಜೀಪಿನ ತನಕ ಅಕ್ಕಿ ಚೆಲ್ಲುತ್ತ ಹೋಯಿತು. ಜೀಪು ಹೋದ ಮೇಲೆ ನಾನು ಕೂತು ಒಂದೊಂದೇ ಕಾಳು ಆರಿಸಿದೆ. ಒಂದು ಹಿಡಿ ಆಯಿತು. ಆ ಸಂಜೆ ನನ್ನ ಅನ್ನಕ್ಕೆ ಹಾಕಿಕೊಂಡು ಉಂಡೆ. ನೀನು ನನಗೆ ಬಿಟ್ಟುಹೋದ ಪಾಲು ಅಂತ ತಿಳಿದುಕೊಂಡೆ.

ಮೊದಲು ರೂಪಾಯಿಯ ಕೆಲಸ ಮುಗಿಸು. ಆಮೇಲೆ ಅಳು.

ನಿನ್ನ,
ಸುಮಂಗಲಾ


ಪುಣೆ
23 ಸೆಪ್ಟೆಂಬರ್ 2025

ನನ್ನ ಸುಮಂಗಲಕ್ಕ,

ನೀನು ಹೇಳಿದ ಕ್ರಮದಲ್ಲಿ ಮಾಡಲಾಗಲಿಲ್ಲ. ಮೊದಲು ಅತ್ತೆ, ಆಮೇಲೆ ರೂಪಾಯಿ ಹಿಡಿದು ಕೆಳಗಿಳಿದೆ.

ಅವ್ವಣ್ಣ ಊಟಕ್ಕೆ ಕೂತಿದ್ದರು. ನಿನ್ನ ಮಾತುಗಳನ್ನು ನೀನು ಬರೆದ ಹಾಗೆಯೇ ಹೇಳಿದೆ. ಚಂದಮ್ಮ ಹಣೆ ಬಡಿದುಕೊಂಡು, ಎಂಥ ಮಾತು ಮರೆತೆ ಅಂತ ತನ್ನನ್ನೇ ಬೈದುಕೊಂಡು, ಎರಡೂ ಕೈಯಿಂದ ಸೆರಗು ಒಡ್ಡಿದಳು. ರೂಪಾಯಿ ಹಾಕಿದೆ. ಅವ್ವಣ್ಣ ತುತ್ತು ತಟ್ಟೆಗೆ ಇಳಿಸಿ, ಸೆರಗಿನೊಳಗಿನ ರೂಪಾಯಿಯನ್ನು ಬಗ್ಗಿ ನೋಡಿದರು. ಕೊನೆಗೆ, "ಇದಕ್ಕ ಬ್ಯಾಡ ಅನ್ಲಿಕ್ಕ ಬರಲ್ಲ" ಅಂದರು. ಆಮೇಲೆ ಆ ಬೆಟಗೇರಿಯ ಅಕ್ಕ ಯಾರು, ವಕೀಲರೇನು ಅಂತ ಕೇಳಿದರು. ನರ್ಸು ಅಂದೆ. ಅವರು ನಂಬಲಿಲ್ಲ.

ಮೂರು ದಿನದಲ್ಲಿ ಕರಾರು ನೋಂದಣಿಯಾಯಿತು. ಹತ್ತೊಂಬತ್ತನೆಯ ತಾರೀಕು ಕಚೇರಿಗೆ ಹೋದೆವು. ಶೀತಲ ಮೇಡಂ ಪೂರ್ತಿ ಓದಿದರು. ವರ್ಷಕ್ಕೆ ಒಂದು ರೂಪಾಯಿ ಅನ್ನುವಲ್ಲಿ ಮತ್ತೆ ಬೆರಳು ನಿಂತಿತು. ಅವರು ಚಂದಮ್ಮನನ್ನು ಕೇಳಿದರು, ಈ ರೂಪಾಯಿ ಎಲ್ಲಿಂದ ಬಂತು ಅಂತ. ಚಂದಮ್ಮ ಹೇಳಿದಳು, ಉಡಿಯಿಂದ ತವರಿಗೆ ಬಿಟ್ಟದ್ದು ಅಂತ. ಮತ್ತೆ ತಾನೇ ಮುಂದುವರಿಸಿದಳು. ಮರಾಠಿಯಲ್ಲಿ ಹೇಳಿದ್ದನ್ನು ಅವಳ ಕನ್ನಡಕ್ಕೆ ತಂದರೆ ಹೀಗೆ: "ಕಾಗದದಾಗ ಬಾಡಿಗಿದಾಕಿ ಅಂತ ಬರಕೋರಿ ಮೇಡಂ. ಮನ್ಯಾಗ ಮಗಳೇ ಇರ್ತಾಳ."

ಮೇಡಂ ನಕ್ಕರು. ನಾನು ಎರಡು ವರ್ಷದಲ್ಲಿ ಅವರ ಹಲ್ಲು ನೋಡಿದ್ದು ಅದೇ ಮೊದಲು. ತಮ್ಮ ಅಮ್ಮನೂ ಪ್ರತಿ ಸಲ ಒಂದು ಹಿಡಿ ಬಿಟ್ಟು ಹೋಗು ಅಂತ ನೆನಪಿಸುತ್ತಾರೆ ಅಂದರು. ಅರ್ಜಿ ಕೊನೆಯ ದಿನದೊಳಗೇ ಸೇರಿದ್ದರಿಂದ ತೊಂದರೆಯಾಗಲಿಲ್ಲ, ಮೇಲಿನವರಿಗೆ ಕಳಿಸಿದ ಫೈಲು ನಿನ್ನೆ ಒಪ್ಪಿಗೆಯಾಗಿ ಬಂತು. ಇನ್ನೊಂದು ವರ್ಷ, ಸುಮಂಗಲಕ್ಕ. ಮುಂದಿನ ವರ್ಷ ಪಂಚಮಿಯಾದ ತಕ್ಷಣ ಬನ್ನಿ, ಆ ರೂಪಾಯಿ ಮಾತ್ರ ಖರ್ಚು ಮಾಡಬೇಡಿ ಅಂತ ಮೇಡಂ ಹೇಳಿ ಕಳಿಸಿದ್ದಾರೆ. ಓಣಿಯಲ್ಲಿ ಚಂದಮ್ಮ ಹೋಳಿಗೆ ಹಂಚಿದಳು. ದತ್ತುವಿಗೆ ಎರಡು ಕೊಟ್ಟಳು, ಮುಂದೆ ಕಣ್ಣು ತೆರೆದು ಒತ್ತು ಅಂತ ಹೇಳಿ.

ನಿನ್ನ ಕಾಗದದ ಉಳಿದ ಭಾಗವನ್ನೂ ಅವಳಿಗೆ ಓದಿ ಹೇಳಿದೆ. ಕೇಳದೆ ಹೇಳಿದ್ದಕ್ಕೆ ಬೈಯಬೇಡ. ಅವಳು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ: "ನಮ್ಮವ್ವಗ ಗಂಡ ಇರಲಿಲ್ಲ. ನನ್ನ ಉಡಿ ಮದಲ ತುಂಬಿದಾಕಿ ಆಕೀನ. ನನಗೇನು ಕಮ್ಮಿ ಆಗೇದ? ಆ ಅಕ್ಕಾಗ ಬರ್ಲಿಕ್ಕ ಹೇಳ್ರಿ."

ನಾನೂ ಅದನ್ನೇ ಹೇಳುತ್ತಿದ್ದೇನೆ. ನೀನು ಪ್ರೀತಿ ಕಡಿಮೆಯಾಗಿ ದೂರ ನಿಂತೆ ಅಂತ ಇಷ್ಟು ವರ್ಷ ತಿಳಿದಿದ್ದೆ. ಎಂಥ ದಡ್ಡಿ ನಾನು. ಮುಂದಿನ ಪಂಚಮಿಗೆ ನೀನು ಬರಬೇಕು. ಬಂದು ನನ್ನ ಉಡಿ ತುಂಬಬೇಕು.

ನಿನ್ನ,
ರೂತ್


ಬೆಟಗೇರಿ
4 ಅಕ್ಟೋಬರ್ 2025

ನನ್ನ ರೂತ್,

ಮುಂದಿನ ಪಂಚಮಿಯ ತನಕ ಕಾಯುವ ವಯಸ್ಸು ನನ್ನದಲ್ಲ. ದೀಪಾವಳಿಗೆ ಬರುತ್ತೇನೆ. ಹದಿನೆಂಟನೆಯ ತಾರೀಕಿನ ರೈಲಿಗೆ ತಮ್ಮ ಟಿಕೆಟ್ ತೆಗೆಸಿದ್ದಾನೆ. ನಾನು ಹೋಗುತ್ತೇನೆ ಅಂದದ್ದಕ್ಕೆ ಮನೆಯವರೆಲ್ಲ ನನಗೆ ಜ್ವರವೇನೋ ಅಂತ ಹಣೆ ಮುಟ್ಟಿ ನೋಡಿದರು. ಪುಣೆಗೆ ಮೊದಲೇ ಬರುವ ದೌಂಡ ಸ್ಟೇಷನ್ನಿನಲ್ಲಿ ಇಳಿದುಬಿಡುತ್ತೇನೆ ಅಂತ ಹೆದರಬೇಡ, ಪುಣೆಯ ತನಕ ಎಚ್ಚರವಾಗಿಯೇ ಇರುತ್ತೇನೆ. ಸ್ಟೇಷನ್ನಿಗೆ ನೀನೇ ಬಾ. ಚಂದಮ್ಮನನ್ನೂ ಕರೆದುಕೊಂಡು ಬಾ.

ಇಲ್ಲಿಯ ಸಂತೆಯಲ್ಲಿ ನಿನ್ನೆ ಒಂದು ಕೆಂಪು ಖಣ ತೆಗೆದುಕೊಂಡೆ. ಅಂಗಡಿಯವನು ಯಾರಿಗೆ ಅಂತ ಕೇಳಿದ. ಪುಣೆಯಲ್ಲಿರುವ ಮನೆ ಮಗಳಿಗೆ ಅಂದೆ. ಕೊಬ್ಬರಿ, ಉತ್ತತ್ತಿ, ಅರಿಶಿನ ಎಲ್ಲ ಕಟ್ಟಿಟ್ಟಿದ್ದೇನೆ. ಅಕ್ಕಿಯನ್ನು ನಾನೇ ಆರಿಸಿದ್ದೇನೆ, ಕೈ ಮರೆತಿಲ್ಲ. ಹೊಸ್ತಿಲು ದಾಟುವ ಮೊದಲು ಒಂದು ಹಿಡಿ ನನಗೆ ಬಿಡುವುದನ್ನು ಈ ಸಲ ಮರೆಯಬೇಡ.

ಇನ್ನೊಂದು ಕೆಲಸ. ಮನೆ ಬದಲಿಸಿದ್ದನ್ನು ಒಂಬತ್ತು ದಿನ ತಡವಾಗಿ ತಿಳಿಸಿದ್ದಕ್ಕೇ ನಿನ್ನ ಕಚೇರಿಯವರು ದಂಡ ಹಾಕಿದರು. ಉಡಿ ತುಂಬುವುದು ಮೂವತ್ತನಾಲ್ಕು ವರ್ಷ ತಡವಾದರೆ ದಂಡ ಎಷ್ಟಾಗುತ್ತದೆ ಅಂತ ಶೀತಲ ಮೇಡಂ ಅವರನ್ನು ಕೇಳಿ ಇಡು. ಕಟ್ಟಲು ತಯಾರಾಗಿಯೇ ಬರುತ್ತೇನೆ.

ನಿನ್ನ,
ಸುಮಂಗಲಾ